ಕಂಬ ನಿಂತಿತು, ಕ್ಯಾಮೆರಾ ಬರಲಿಲ್ಲ: ಗಡಿನಾಡಿನ ಒಂದು ಪೇಟೆಯ ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ಸಣ್ಣ ಪೇಟೆ. ಊರವರೇ ಸೇರಿ ಅಲ್ಲಿ ಕಾವಲು ಕ್ಯಾಮೆರಾ ಹಾಕಿಸಬೇಕೆಂದು 2023ರ ಆರಂಭದಲ್ಲಿ ತೀರ್ಮಾನವಾಯಿತು. ಕ್ಯಾಮೆರಾಗಳು ನಿಜವಾಗಿ ಕೆಲಸ ಶುರುಮಾಡಿದ್ದು 2025ರ ಮಳೆಗಾಲಕ್ಕೆ ಸ್ವಲ್ಪ ಮೊದಲು. ನಡುವಿನ ಎರಡು ವರ್ಷಕ್ಕೂ ಮೀರಿದ ಕಾಲ ಎಲ್ಲೆಲ್ಲಿ ಹೋಯಿತು ಎಂಬುದೇ ಈ ಬರಹದ ವಿಷಯ. ಸಮಿತಿಯ ನಡಾವಳಿ ಪುಸ್ತಕ ಬರೆಯುವ ಕೆಲಸ ನನ್ನದಾಗಿದ್ದರಿಂದ ಅರ್ಜಿಗಳ ಪ್ರತಿ, ಕೊಟೇಶನ್, ಎಸ್ಟಿಮೇಟ್ ಎಲ್ಲ ನನ್ನ ಹತ್ತಿರ ಇವೆ. ಪೇಟೆಯ, ಪಂಚಾಯತಿನ, ಜನರ ಹೆಸರು ಹೇಳುವುದಿಲ್ಲ. ಇಂಥದೇ ಕೆಲಸಕ್ಕೆ ಕೈಹಾಕಿರುವ ಬೇರೆ ಊರಿನವರಿಗೆ ಸಿಕ್ಕು ಎಲ್ಲಿ ಬೀಳುತ್ತದೆ ಎಂಬುದು ತಿಳಿದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಡವಾದದ್ದಕ್ಕೆ ಹಣದ ಕೊರತೆ ಕಾರಣವಲ್ಲ. ಹಣ ಎಲ್ಲಕ್ಕಿಂತ ಮೊದಲು ಬಂದಿತ್ತು. ಕಂಬ ಯಾರದು, ಕರೆಂಟಿನ ಬಿಲ್ಲು ಯಾರ ಹೆಸರಿಗೆ, ಪಾಸ್‌ವರ್ಡ್ ಯಾರ ಕೈಯಲ್ಲಿ, ದೃಶ್ಯ ಬೇಕೆಂದು ಬಂದವರಿಗೆ ಉತ್ತರ ಹೇಳುವವರು ಯಾರು? ಈ ನಾಲ್ಕು ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಹೇಳುವವರಿಲ್ಲದೆ ಕೆಲಸ ನಿಂತಿತು. ಕಳೆದ ಕಾಲವೆಲ್ಲ ವ್ಯರ್ಥವಾಯಿತು ಎಂದೂ ಹೇಳಲಾರೆ. ಕೆಲವು ತಿಂಗಳು ಊರಿನ ಹೆಂಗಸರು ಎತ್ತಿದ ಪ್ರಶ್ನೆಗಳಿಗೆ ಹೋದವು. ಅವನ್ನು ನಾನು ವಿಳಂಬದ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಮೊದಲ ದಿನವೇ ಆಗಬೇಕಾಗಿದ್ದ ಕೆಲಸ.

ಅಂಗಳದ ಅಡಿಕೆ

ನಮ್ಮ ಕಡೆ ಡಿಸೆಂಬರಿನಿಂದ ಏಪ್ರಿಲ್ ತನಕ ಮನೆಯ ಅಂಗಳವೇ ಉಗ್ರಾಣ. ಕೊಯ್ದ ಹಣ್ಣಡಿಕೆ ಒಣಗಿ ಚಾಲಿಯಾಗಲು ನಲವತ್ತು ದಿನದ ಆಸುಪಾಸು ಬಿಸಿಲು ಬೇಕು. ಅಷ್ಟು ದಿನವೂ ಅದು ಬಯಲಲ್ಲೇ ಬಿದ್ದಿರುತ್ತದೆ. ಆ ವರ್ಷ ಚಾಲಿಯ ಧಾರಣೆ ಕಿಲೋಗೆ ನಾನೂರರ ಹತ್ತಿರ ಇತ್ತು. 65 ಕಿಲೋ ತುಂಬುವ ಒಂದು ಗೋಣಿ ಎಂದರೆ ಇಪ್ಪತ್ತೈದು ಸಾವಿರ ದಾಟುತ್ತದೆ. ಒಂದು ಪಿಕಪ್ಪಿನಲ್ಲಿ ಹತ್ತು ಗೋಣಿ ಹಾಕಿಕೊಂಡು ಹೋದರೆ ಒಂದು ಮನೆಯ ವರ್ಷದ ಅನ್ನವೇ ಹೋದಂತೆ.

2023ರ ಜನವರಿಯಲ್ಲಿ ಒಂದೇ ವಾರದೊಳಗೆ ಎರಡು ಮನೆಯ ಅಂಗಳದಿಂದ ಅಡಿಕೆ ಹೋಯಿತು. ಆಮೇಲೆ ದೈವಸ್ಥಾನದ ಕಾಣಿಕೆ ಡಬ್ಬಿ ಒಡೆದರು. ಗಲ್ಫಿನಲ್ಲಿರುವವರ ಬೀಗ ಹಾಕಿದ ಮನೆಯೊಂದರ ಹಿಂಬಾಗಿಲೂ ಮುರಿಯಿತು. ಇಂಥ ಮನೆಗಳು ಈ ತಾಲೂಕಿನಲ್ಲಿ ಊರಿಗೆ ಹತ್ತಾರು. ವಯಸ್ಸಾದ ತಾಯಿ ಮಗಳ ಮನೆಗೆ ಹೋದ ದಿನ ಮನೆ ಖಾಲಿ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಕದ್ದವರು ಹೋದ ದಾರಿ ಯಾವುದು ಎಂಬುದು ಗಡಿಯ ಊರಿನಲ್ಲಿ ಸುಲಭದ ಪ್ರಶ್ನೆಯಲ್ಲ. ತಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ, ಅಡ್ಕಸ್ಥಳದಿಂದ ಸಾರಡ್ಕಕ್ಕೆ ಹೋಗಿ ವಿಟ್ಲ ಹಿಡಿಯುವ ದಾರಿ, ಪೆರ್ಲದಿಂದ ಸ್ವರ್ಗ, ಪಾಣಾಜೆ ಮೂಲಕ ಪುತ್ತೂರಿಗೆ ಹೋಗುವ ದಾರಿ. ಇವು ಹೆಸರಿರುವ ರಸ್ತೆಗಳು. ಹೆಸರಿಲ್ಲದವು ಎಷ್ಟಿವೆ ಎಂಬುದು 2020ರ ಮಾರ್ಚಿನಲ್ಲಿ, ಕೋವಿಡ್ ಸಮಯದಲ್ಲಿ, ಗಡಿಗೆ ಮಣ್ಣು ಸುರಿದು ರಸ್ತೆ ಮುಚ್ಚಿದಾಗ ನಮಗೇ ಗೊತ್ತಾಯಿತು. ತೋಟದ ನಡುವಿನ ಕಾಂಕ್ರೀಟು ದಾರಿಯಲ್ಲಿ ಹತ್ತು ನಿಮಿಷ ಹೋದರೆ ರಾಜ್ಯ ಬೇರೆ, ಪೊಲೀಸ್ ಠಾಣೆ ಬೇರೆ, ಎಫ್‌ಐಆರ್ ಬರೆಯುವ ಭಾಷೆಯೂ ಬೇರೆ. ಕೆಎಲ್ 14 ಗಾಡಿಯೂ ಕೆಎ 19, ಕೆಎ 21 ಗಾಡಿಗಳೂ ದಿನವಿಡೀ ಓಡಾಡುವ ಪೇಟೆಯಲ್ಲಿ ಹೊರಗಿನ ಗಾಡಿ ಎಂದು ಯಾರಿಗೂ ಅನ್ನಿಸುವುದಿಲ್ಲ.

ಅಡಿಕೆ ಹೋದ ರಾತ್ರಿ ಒಂದು ಪಿಕಪ್ಪು ಪೇಟೆ ದಾಟಿದ್ದು ಅಂಗಡಿಯೊಂದರ ಕ್ಯಾಮೆರಾದಲ್ಲಿ ಮೂಲೆಯಲ್ಲಿ ಕಾಣುತ್ತಿತ್ತು. ನಂಬರ್ ಪ್ಲೇಟಿನ ಜಾಗದಲ್ಲಿ ಬರೀ ಬಿಳಿ ಬೆಳಕು. ರೆಕಾರ್ಡರಿನ ಗಡಿಯಾರ ಮುಕ್ಕಾಲು ಗಂಟೆ ಹಿಂದೆ ಇತ್ತು. ಪಕ್ಕದ ಅಂಗಡಿಯ ದೃಶ್ಯದೊಂದಿಗೆ ತಾಳೆ ಹಾಕಲು ಕುಳಿತಾಗ ಅಲ್ಲಿಯ ರೆಕಾರ್ಡರಿನಲ್ಲಿ ಆ ರಾತ್ರಿ ಆಗಲೇ ಅಳಿಸಿಹೋಗಿತ್ತು. ಈ ಮೂರು ಕೊರತೆಯೂ ಸಭೆಯಲ್ಲಿ ಚರ್ಚೆಗೆ ಬಂದವು. ಆದರೆ ತೀರ್ಮಾನ ಬರೆಯುವಾಗ ಉಳಿದದ್ದು ಒಂದೇ ಸಾಲು: ಪೇಟೆಗೆ ಕ್ಯಾಮೆರಾ ಹಾಕಿಸುವುದು.

ಹಣ ಬಂತು, ಕೊಟೇಶನ್ ಬಂತು

ದುಬೈ, ದೋಹಾ, ರಿಯಾದಿನಲ್ಲಿರುವ ಹುಡುಗರ ವಾಟ್ಸಾಪ್ ಗುಂಪಿಗೆ ಸುದ್ದಿ ಹೋದ ಕೂಡಲೇ ದುಡ್ಡು ಬರತೊಡಗಿತು. ಮನೆಯಲ್ಲಿ ತಂದೆ ತಾಯಿ ಮಾತ್ರ ಇರುವವರಿಗೆ ಈ ಕೆಲಸದ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವ್ಯಾಪಾರಿಗಳು ಒಂದು ಪಾಲು ಕೊಟ್ಟರು. ದೈವಸ್ಥಾನದ ಸಮಿತಿ, ಮಸೀದಿಯ ಜಮಾಅತ್ ಸಮಿತಿ, ಊರಿನ ಎರಡು ಕ್ಲಬ್ಬುಗಳು, ಎಲ್ಲರೂ ಸೇರಿದರು. ಪೇಟೆಯಲ್ಲಿ ಇಷ್ಟು ಬೇಗ ಒಮ್ಮತ ಮೂಡಿದ ಇನ್ನೊಂದು ಕೆಲಸವನ್ನು ನಾನು ಕಂಡಿಲ್ಲ.

ಮೊದಲ ಕೊಟೇಶನ್ ಒಂದು ಪುಟದ್ದು. ಎರಡು ಮೆಗಾಪಿಕ್ಸೆಲ್ಲಿನ 16 ಕ್ಯಾಮೆರಾ, ಒಂದು ರೆಕಾರ್ಡರ್, ನಾಲ್ಕು ಟಿಬಿ ಹಾರ್ಡ್‌ಡಿಸ್ಕ್, ಕೇಬಲ್, ಕೂಲಿ. ಯಾವ ಕ್ಯಾಮೆರಾ ಯಾವ ದಿಕ್ಕಿಗೆ, ಅದರಲ್ಲಿ ಏನು ಕಾಣಬೇಕು ಎಂಬ ಒಂದು ಶಬ್ದವೂ ಅದರಲ್ಲಿ ಇರಲಿಲ್ಲ. ಹೀಗೆ ಬರುವ ಕೊಟೇಶನ್ನೇ ಇಂಥ ಕೆಲಸಗಳ ಮೊದಲ ಮತ್ತು ದೊಡ್ಡ ತೊಡಕು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಚುಕ್ಕಿ (ಪಿಕ್ಸೆಲ್). ಗುರುತಿಲ್ಲದ ವ್ಯಕ್ತಿಯ ಮುಖ ಸ್ಪಷ್ಟವಾಗಿ ತಿಳಿಯಬೇಕಾದರೆ ಒಂದು ಮೀಟರ್ ಅಗಲಕ್ಕೆ 250 ಚುಕ್ಕಿಯಾದರೂ ಬೀಳಬೇಕು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಹಿಡಿಯುವ ಅಳತೆ. ಪರಿಚಯದವನನ್ನು ಇವನೇ ಎಂದು ಹೇಳಲು ಅದರ ಅರ್ಧ ಸಾಕು. 1920ನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರ್ ಚಿಲ್ಲರೆ ಬರುತ್ತದೆ. ಅಂದರೆ ಒಂದು ಕ್ಯಾಮೆರಾ ಅಷ್ಟು ಅಗಲದ ಜಾಗವನ್ನು ಮಾತ್ರ ಮುಖ ಗೊತ್ತಾಗುವಂತೆ ತೋರಿಸಬಲ್ಲದು. ನಮ್ಮ ಜಂಕ್ಷನ್ ಬಸ್ ನಿಲ್ದಾಣದ ಮುಂದಿನಿಂದ ಸೊಸೈಟಿಯ (ಸಹಕಾರಿ ಸಂಘದ) ಗೋಡೆಯ ತನಕ ಮೂವತ್ತು ಮೀಟರ್ ಅಗಲ ಇದೆ. ಅದನ್ನೆಲ್ಲ ಒಂದೇ ಕ್ಯಾಮೆರಾದಲ್ಲಿ ಹಿಡಿದರೆ ಮೀಟರಿಗೆ 64 ಚುಕ್ಕಿ. ಅಂಗಿಯ ಬಣ್ಣ ಕಾಣುತ್ತದೆ, ಮುಖ ಕಾಣುವುದಿಲ್ಲ. ಟಿವಿ ಪರದೆಯಲ್ಲಿ ಇಡೀ ಪೇಟೆ ಚೆಂದವಾಗಿ ಕಾಣುವುದಕ್ಕೂ ಕಳ್ಳನ ಮುಖ ಕಾಣುವುದಕ್ಕೂ ಸಂಬಂಧವೇ ಇಲ್ಲ.

ನಂಬರ್ ಪ್ಲೇಟಿನ ಕತೆ ಇನ್ನೂ ಬೇರೆ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ರಾತ್ರಿಯ ಮಬ್ಬಿಗೆ ಕ್ಯಾಮೆರಾ ತನ್ನಷ್ಟಕ್ಕೆ ಸೆಕೆಂಡಿನ 25ನೇ ಒಂದು ಭಾಗದಷ್ಟು ಕಾಲ ಕಣ್ಣು ತೆರೆದಿಟ್ಟರೆ ಅಷ್ಟರೊಳಗೆ ಗಾಡಿ 44 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕಾರಿನ ನಂಬರ್ ಪ್ಲೇಟಿನ ಉದ್ದವೇ 50 ಸೆಂಟಿಮೀಟರ್. ಅಕ್ಷರ ಉಳಿಯುವುದು ಹೇಗೆ? ಇದರ ಮೇಲೆ ಹೆಡ್‌ಲೈಟಿನ ಬೆಳಕು, ಕ್ಯಾಮೆರಾದ್ದೇ ಇನ್‌ಫ್ರಾರೆಡ್ ಬೆಳಕು ಪ್ಲೇಟಿಗೆ ಬಡಿದು ಮರಳುವ ಬಿಳಿ. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಶಟರ್ (ಕ್ಯಾಮೆರಾ ಕಣ್ಣು ತೆರೆದಿಡುವ ಕಾಲ) ಕಟ್ಟಿ, ರಸ್ತೆಯ ಒಂದು ಲೇನಿಗೆ ಮಾತ್ರ ತಿರುಗಿಸಿಟ್ಟ ಪ್ರತ್ಯೇಕ ಕ್ಯಾಮೆರಾ ಬೇಕು. ಅದರಲ್ಲಿ ಬೇರೆ ಏನೂ ಕಾಣುವುದಿಲ್ಲ, ನಂಬರ್ ಕಾಣುತ್ತದೆ.

ಇನ್ನು ಹಾರ್ಡ್‌ಡಿಸ್ಕ್. ಸೆಕೆಂಡಿಗೆ ನಾಲ್ಕು ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾ ದಿನಕ್ಕೆ 43 ಜಿಬಿ ತುಂಬುತ್ತದೆ. ಹದಿನಾರಕ್ಕೆ ದಿನಕ್ಕೆ 690 ಜಿಬಿ. ಕೊಟೇಶನ್ನಿನ ನಾಲ್ಕು ಟಿಬಿ ಆರು ದಿನಕ್ಕೂ ಸಾಲದು. ಗಲ್ಫಿನಿಂದ ರಜೆಗೆ ಬಂದವನಿಗೆ ಮನೆ ಒಡೆದದ್ದು ಗೊತ್ತಾಗುವಾಗ ಹದಿನೈದು ದಿನ ಕಳೆದಿರುತ್ತದೆ.

ಈ ಲೆಕ್ಕ ಹೇಳಿಕೊಟ್ಟದ್ದು ಊರಿನವನೇ ಆದ ಒಬ್ಬ ಹುಡುಗ, ಮಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವವನು. ಸಮಿತಿಯ ಹಿರಿಯರು, ನಿವೃತ್ತ ಮಾಸ್ಟ್ರು, ಅವನನ್ನು ಕೂರಿಸಿ ಕೇಳಿದರು: "ಮಗಾ, ಹಾಗಾದರೆ ಹದಿನಾರು ಬೇಕೋ ಬೇಡವೋ?" ಅವನು ಹೇಳಿದ, "ಮಾಸ್ಟ್ರೇ, ಹದಿನಾರು ಬೇಡ. ಒಂಬತ್ತು ಸಾಕು. ಆದರೆ ಎಲ್ಲಿ, ಯಾವುದಕ್ಕೆ ಅಂತ ನೀವು ಮೊದಲು ಹೇಳಬೇಕು." ಒಂಬತ್ತಕ್ಕೆ ಇಳಿಯುವುದಕ್ಕೆ ಮಳೆಗಾಲ ಕಳೆಯಿತು. ಹದಿನಾರಕ್ಕೆ ದುಡ್ಡು ಕೊಟ್ಟವರಿಗೆ ಒಂಬತ್ತು ಎಂದರೆ ಕಡಿಮೆಯಾಯಿತು ಎಂಬ ಬೇಸರ. ಪ್ರತಿಯೊಂದು ಬದಿಯವರಿಗೂ ತಮ್ಮ ದಾರಿಗೆ ಒಂದು ಬೇಕು. ಅದೇ ಹೊತ್ತಿಗೆ ಇನ್ನೊಂದು ಹೆದರಿಕೆ ಹಬ್ಬಿತು. ಕೇರಳದಲ್ಲಿ ಸಂಚಾರ ನಿಯಮಕ್ಕಾಗಿ ಹಾಕಿದ 726 ಕ್ಯಾಮೆರಾಗಳ ಮೂಲಕ 2023ರ ಜೂನ್ 5ರಿಂದ ದಂಡ ಹಾಕತೊಡಗಿದ್ದರು. ನಮ್ಮದೂ ಅಂಥದ್ದೇ, ಹೆಲ್ಮೆಟ್ ಇಲ್ಲದೆ ಪೇಟೆಗೆ ಬಂದರೆ ಮನೆಗೆ ನೋಟಿಸು ಬರುತ್ತದೆ ಎಂಬ ಮಾತು. ವ್ಯಾಪಾರ ಕಡಿಮೆಯಾದೀತು ಎಂದು ಅಂಗಡಿಯವರೇ ಹಿಂದೇಟು ಹಾಕಿದರು. ಎರಡೂ ಬೇರೆ ಬೇರೆ ವ್ಯವಸ್ಥೆ, ಊರವರ ಕ್ಯಾಮೆರಾಕ್ಕೆ ದಂಡ ಹಾಕುವ ಅಧಿಕಾರವೇ ಇಲ್ಲ ಎಂದು ಅಂಗಡಿ ಅಂಗಡಿಗೆ ಹೋಗಿ ಹೇಳಬೇಕಾಯಿತು.

ಕಂಬ ಮತ್ತು ಕರೆಂಟು

ಮಳೆ ಬಿಟ್ಟ ಮೇಲೆ, ಒಮ್ಮತದ ಉತ್ಸಾಹದಲ್ಲಿ, ನಾಲ್ಕು ಕಬ್ಬಿಣದ ಕಂಬಗಳನ್ನು ಮಾಡಿಸಿ ನಿಲ್ಲಿಸಿಯೇ ಬಿಟ್ಟರು. ಎರಡು ಕಂಬ ಲೋಕೋಪಯೋಗಿ ರಸ್ತೆಯ ಅಂಚಿನಲ್ಲಿ, ಒಂದು ಸಹಕಾರಿ ಸಂಘದ ಜಾಗದಲ್ಲಿ, ಒಂದು ಖಾಸಗಿಯವರ ಜಾಗದಲ್ಲಿ. ರಸ್ತೆಯ ಅಂಚಿನವಕ್ಕೆ ಅನುಮತಿ ಬೇಕೆಂದು ನೋಟಿಸು ಬಂತು. ಅರ್ಜಿ ಹಾಕುವವರು ಯಾರು ಎಂಬ ಪ್ರಶ್ನೆ ಆಗ ಹುಟ್ಟಿತು. ನೋಂದಣಿ ಇಲ್ಲದ ಸಮಿತಿಗೆ ಅನುಮತಿ ಕೊಡುವಂತಿಲ್ಲ. ವ್ಯಾಪಾರಿಗಳು ತಮ್ಮ ಹೆಸರಿನಲ್ಲಿ ಹಾಕಲು ಒಪ್ಪಲಿಲ್ಲ, ಕಂಬ ಬಿದ್ದು ಯಾರಿಗಾದರೂ ಗಾಯವಾದರೆ ಹೊಣೆ ಬೀಳುತ್ತದೆಂಬ ಭಯ. ಆ ಭಯ ಸುಳ್ಳಲ್ಲ. ಪಂಚಾಯತು ಹಾಕಬಹುದು, ಆದರೆ ಪಂಚಾಯತಿನ ಆಸ್ತಿಯಲ್ಲದ ಕಂಬಕ್ಕೆ ಪಂಚಾಯತು ಅರ್ಜಿ ಹಾಕುವುದು ಹೇಗೆ? ಈ ವೃತ್ತದೊಳಗೆ ಕಾಗದ ಸುತ್ತುತ್ತಾ ಇರುವಾಗ ಬರಿ ಕಂಬಗಳಿಗೆ ಕ್ಲಬ್ಬಿನವರು ಟೂರ್ನಮೆಂಟಿನ ಬ್ಯಾನರ್ ಕಟ್ಟಿದರು.

ವಿದ್ಯುತ್ ಕಂಬಕ್ಕೇ ಕ್ಯಾಮೆರಾ ಕಟ್ಟಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಕೇಬಲ್ ಟಿವಿಯವರ ಹಾಗೆ ಅದಕ್ಕೂ ಒಪ್ಪಂದ, ಬಾಡಿಗೆ, ಸುರಕ್ಷಿತ ಅಂತರ ಎಲ್ಲ ಇದೆ. ಲೈನಿನಲ್ಲಿ ಕೆಲಸ ಮಾಡುವವರ ಜೀವದ ಪ್ರಶ್ನೆ ಅದು. ನಿಯಮ ಇರಲೇಬೇಕಾದ್ದು.

ಕರೆಂಟಿನ ವಿಷಯದಲ್ಲಿ ಯಾರೂ ಯೋಚಿಸದೆ ಬಿಟ್ಟ ಒಂದು ಸಣ್ಣ ಸಂಗತಿ ಮೂರು ತಿಂಗಳು ತಿಂದಿತು. ಬೀದಿದೀಪದ ಲೈನಿನಿಂದ ಕ್ಯಾಮೆರಾಕ್ಕೆ ಕರೆಂಟು ತೆಗೆಯುವುದು ಎಂದು ಎಸ್ಟಿಮೇಟಿನಲ್ಲಿ ಬರೆದಾಗಿತ್ತು. ಬೀದಿದೀಪದ ಲೈನಿಗೆ ಕರೆಂಟು ಬರುವುದು ಸಂಜೆ, ಬೆಳಿಗ್ಗೆ ಹೋಗುತ್ತದೆ. ಹಗಲಿಡೀ ಕ್ಯಾಮೆರಾ ಸತ್ತಿರುತ್ತದೆ. ಇದನ್ನು ಹೇಳಿದವರು ಪೇಟೆಯ ವಯರಿಂಗ್ ಕೆಲಸದ ಇಚ್ಚ (ಇಲ್ಲಿ ಮುಸ್ಲಿಮರು ಅಣ್ಣನನ್ನು ಕರೆಯುವ ಹೆಸರು), ಅದೂ ಚಾ ಕುಡಿಯುವಾಗ, ಎಸ್ಟಿಮೇಟ್ ಸಹಿಯಾದ ಮೇಲೆ. ಅವರನ್ನು ಯಾವ ಸಭೆಗೂ ಕರೆದಿರಲಿಲ್ಲ.

ಪ್ರತ್ಯೇಕ ಸಂಪರ್ಕಕ್ಕೆ ಮೀಟರ್ ಬೇಕು, ಮೀಟರಿಗೆ ಹೆಸರು ಬೇಕು. ಲೆಕ್ಕ ಹಾಕಿದರೆ ಖರ್ಚು ದೊಡ್ಡದಲ್ಲ. ಕ್ಯಾಮೆರಾಗಳು, ನೆಟ್‌ವರ್ಕ್ ಸ್ವಿಚ್, ರೆಕಾರ್ಡರ್ ಎಲ್ಲ ಸೇರಿ ಇನ್ನೂರು ವ್ಯಾಟಿನೊಳಗೆ, ತಿಂಗಳಿಗೆ ನೂರಮೂವತ್ತು ಯೂನಿಟಿನ ಆಸುಪಾಸು. ಇದನ್ನು ಒಬ್ಬರೇ ಹೊರುವ ಬದಲು ಐದು ಅಂಗಡಿಗಳು ತಮ್ಮ ಯುಪಿಎಸ್‌ನಿಂದ ತಂತಮ್ಮ ಬದಿಯ ಕ್ಯಾಮೆರಾಕ್ಕೆ ಕರೆಂಟು ಕೊಡುವುದು, ಸಮಿತಿ ತಿಂಗಳಿಗೆ ಇಂತಿಷ್ಟು ಎಂದು ಅವರಿಗೆ ಕೊಡುವುದು ಎಂಬಲ್ಲಿಗೆ ಕೊನೆಗೆ ಬಂದು ನಿಂತೆವು. ಅಂಗಡಿಯಿಂದ ಕ್ಯಾಮೆರಾಕ್ಕೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಹೋಗುತ್ತದೆ. ಆ ಕೇಬಲ್ ನೂರು ಮೀಟರ್ ದಾಟುವಂತಿಲ್ಲ. ಹಾಗಾಗಿ ಕ್ಯಾಮೆರಾದ ಜಾಗವನ್ನು ಅಂಗಡಿಯೇ ತೀರ್ಮಾನಿಸಿತು. ಎರಡು ಕಂಬ ಹೀಗೆ ಬೇಡವೇ ಆದವು.

ಪಂಚಾಯತಿನ ವರ್ಷ

ನಡುವೆ, ಇದನ್ನು ಪಂಚಾಯತಿನ ಯೋಜನೆಯಾಗಿಯೇ ಮಾಡಿಸಿದರೆ ಮುಂದಿನ ಖರ್ಚಿಗೆ ದಾರಿಯಾಗುತ್ತದೆ ಎಂದು ಕೆಲವರು ಹೇಳಿದರು. ಮಾತು ಸರಿ. ಗ್ರಾಮಸಭೆಯಲ್ಲಿ ಬೇಡಿಕೆ ಬರಬೇಕು, ವಾರ್ಷಿಕ ಯೋಜನೆಯೊಳಗೆ ಸೇರಬೇಕು, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ, ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್. ಎಲ್ಲ ದಾಟಿ ಬರುವಾಗ ಆರ್ಥಿಕ ವರ್ಷದ ಕೊನೆ. 2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂತು, ಏಪ್ರಿಲ್ 26ಕ್ಕೆ ಇಲ್ಲಿ ಮತದಾನ, ಜೂನ್ ಮೊದಲ ವಾರದ ತನಕ ಹೊಸ ಕೆಲಸ ಇಲ್ಲ. ನೀತಿಸಂಹಿತೆ ಎದ್ದ ಹೊತ್ತಿಗೆ ಮಳೆ. ಯೋಜನೆ ಮುಂದಿನ ವರ್ಷಕ್ಕೆ ಉರುಳಿತು.

ಪಂಚಾಯತು ಮಾಡುತ್ತದೆ ಎಂಬ ಭರವಸೆ ಇದ್ದಷ್ಟು ದಿನ ಊರವರು ಏನನ್ನೂ ಮಾಡಲಿಲ್ಲ. ಊರವರ ಹಣ ಇದೆಯಲ್ಲ ಎಂದು ಪಂಚಾಯತೂ ಅವಸರ ಮಾಡಲಿಲ್ಲ. 2024ರ ಜನವರಿ, ಫೆಬ್ರವರಿಯಲ್ಲಿ ಮತ್ತೊಂದು ಅಡಿಕೆ ಹಂಗಾಮು ಬಂದು ಹೋಯಿತು, ಮತ್ತೊಂದು ಅಂಗಳ ಖಾಲಿಯಾಯಿತು. ಆ ಮನೆಯಲ್ಲಿ ಇದ್ದದ್ದು ಗಂಡನಿಲ್ಲದ ಹೆಂಗಸು ಮತ್ತು ಪರೀಕ್ಷೆಗೆ ಓದುವ ಮಗಳು. ಆ ಅಡಿಕೆಯನ್ನು ನಂಬಿ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ವಿಳಂಬ ಎಂಬ ಮಾತು ನಡಾವಳಿ ಪುಸ್ತಕದಲ್ಲಿ ಒಂದು ಸಾಲು. ಅದರ ಖರ್ಚು ಬಿದ್ದದ್ದು ಅಂಥ ಮನೆಗೆ. ಈ ವಿಷಯ ನೆನಪಾದಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ.

"ನೋಡುವವರು ಯಾರು?"

2024ರ ಮಳೆಗಾಲದ ಗ್ರಾಮಸಭೆಯಲ್ಲಿ ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲ) ಹೆಂಗಸರು ಎದ್ದು ಕೇಳಿದ ಪ್ರಶ್ನೆ ಇದು. ಕ್ಯಾಮೆರಾ ಇಡಿ, ಬೇಡ ಎಂದು ಯಾರೂ ಹೇಳುವುದಿಲ್ಲ. ಪರದೆಯ ಮುಂದೆ ಕುಳಿತುಕೊಳ್ಳುವವರು ಯಾರು?

ಆಗ ಇದ್ದ ಯೋಜನೆಯಲ್ಲಿ ರೆಕಾರ್ಡರ್ ಇರುವುದು ಕ್ಲಬ್ಬಿನ ಕೋಣೆಯಲ್ಲಿ. ದೊಡ್ಡ ಟಿವಿ ಹಾಕಿ, ಹುಡುಗರು ಪಾಳಿಯಲ್ಲಿ ನೋಡುವುದು ಎಂದಿತ್ತು. ನಾಲ್ಕು ಜನರ ಮೊಬೈಲಿಗೂ ಲೈವ್ ಸಿಗುವ ಹಾಗೆ ಮಾಡುವುದು ಎಂದೂ ಇತ್ತು. ಒಬ್ಬ ಹುಡುಗಿ, ಮಂಗಳೂರಿಗೆ ಕಾಲೇಜಿಗೆ ಹೋಗುವವಳು, ಹೇಳಿದಳು: ಬಸ್ ನಿಲ್ದಾಣದಲ್ಲಿ ನಾನು ಕ್ಲಾಸಿನ ಹುಡುಗನ ಹತ್ತಿರ ನೋಟ್ಸು ಕೇಳಿದ್ದನ್ನು ಯಾರೋ ಹತ್ತು ಸೆಕೆಂಡಿನ ಕ್ಲಿಪ್ಪು ಮಾಡಿ ಗುಂಪಿಗೆ ಹಾಕಿದರೆ ನನ್ನ ಕಾಲೇಜು ಅಲ್ಲಿಗೇ ನಿಲ್ಲುತ್ತದೆ.

ಸಭೆ ಮೌನವಾಯಿತು. ಕರಾವಳಿಯಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಜೊತೆಗಿದ್ದಾರೆಂದು ಬಸ್ಸಿನಿಂದ ಇಳಿಸಿ, ಹೆಸರು ಕೇಳಿ, ಹೊಡೆದ ಘಟನೆಗಳನ್ನು ಪತ್ರಿಕೆಯಲ್ಲಿ ಓದದವರು ಅಲ್ಲಿ ಯಾರೂ ಇರಲಿಲ್ಲ. ಕಳ್ಳನಿಗೆಂದು ಹಾಕಿದ ಕಣ್ಣು ಹುಡುಗಿಯರ ಮೇಲೆ ತಿರುಗಲು ಒಂದು ಪಾಸ್‌ವರ್ಡ್ ಸಾಕು. ಇನ್ನೊಬ್ಬ ಹೆಂಗಸು, ಹರಿತ ಕರ್ಮ ಸೇನೆಯಲ್ಲಿ ಕಸ ಸಂಗ್ರಹಕ್ಕೆ ಮನೆಮನೆಗೆ ಹೋಗುವವರು, ಮೂರನೇ ಕ್ಯಾಮೆರಾದ ಕೋನದಲ್ಲಿ ಎರಡು ಮನೆಯ ಬಾವಿಕಟ್ಟೆ ಬರುತ್ತದೆ ಎಂದು ತೋರಿಸಿಕೊಟ್ಟರು. ನಕ್ಷೆ ಹಾಕಿದ ಗಂಡಸರಲ್ಲಿ ಯಾರಿಗೂ ಅದು ಕಂಡಿರಲಿಲ್ಲ.

ಇದರ ಮೇಲೆ ಪಕ್ಷಗಳ ಸಂಶಯವೂ ಸೇರಿತು. ರಾತ್ರಿ ಧ್ವಜ, ಫ್ಲೆಕ್ಸು ಹರಿಯುವುದು ಇಲ್ಲಿ ಹೊಸದಲ್ಲ. ಪಾಸ್‌ವರ್ಡ್ ಒಂದು ಕಡೆಯವರ ಕೈಯಲ್ಲಿದ್ದರೆ ಇನ್ನೊಂದು ಕಡೆಯವರ ಹುಡುಗರ ದೃಶ್ಯ ಮಾತ್ರ ಠಾಣೆಗೆ ಹೋಗುತ್ತದೆ ಎಂಬ ಅನುಮಾನ. ದೈವಸ್ಥಾನದ ದಾರಿಗೆ ಒಂದು ಇದ್ದರೆ ಮಸೀದಿಯ ದಾರಿಗೂ ಬೇಕು, ಅಥವಾ ಎರಡಕ್ಕೂ ಬೇಡ.

ಕೆಲಸ ನಿಲ್ಲಿಸುತ್ತಿದ್ದಾರೆ ಎಂದು ಹೆಂಗಸರ ಮೇಲೆ ಸಿಟ್ಟಾದವರಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಆ ತೀರ್ಪನ್ನು ಓದಿ ಆ ಹೆಂಗಸರು ಮಾತಾಡಿದ್ದಲ್ಲ. ಬದುಕಿ ತಿಳಿದು ಮಾತಾಡಿದರು. ಅವರು ಇಟ್ಟ ಷರತ್ತುಗಳೇ ಈಗ ನಮ್ಮ ಒಪ್ಪಂದದ ಮುಖ್ಯ ಭಾಗ. ಲೈವ್ ಪರದೆ ಇಲ್ಲ, ಯಾರ ಮೊಬೈಲಿಗೂ ಇಲ್ಲ. ರೆಕಾರ್ಡರ್ ಸೊಸೈಟಿಯ ಬೀಗ ಹಾಕಿದ ಕಪಾಟಿನಲ್ಲಿ. ಪಾಸ್‌ವರ್ಡಿನ ಅರ್ಧ ಒಬ್ಬರಲ್ಲಿ, ಅರ್ಧ ಇನ್ನೊಬ್ಬರಲ್ಲಿ. ಇಬ್ಬರಲ್ಲಿ ಒಬ್ಬರು ಕುಟುಂಬಶ್ರೀಯವರು. ಮೂವತ್ತು ದಿನಕ್ಕೆ ದೃಶ್ಯ ತಾನಾಗಿ ಅಳಿಯಬೇಕು. ತೆರೆದು ನೋಡಿದ ಪ್ರತಿ ಸಲವೂ ಪುಸ್ತಕದಲ್ಲಿ ದಿನಾಂಕ, ಕಾರಣ, ಸಹಿ. ಪೊಲೀಸರು ಬರಹದಲ್ಲಿ ಕೇಳಿದರೆ ಕೊಡುವುದು. ಬೇರೆ ಯಾರು ಕೇಳಿದರೂ ಠಾಣೆಗೆ ಹೋಗಿ ಎಂದು ಹೇಳುವುದು. ಬಾವಿಕಟ್ಟೆಯ ಭಾಗಕ್ಕೆ ಕ್ಯಾಮೆರಾದ ಸೆಟ್ಟಿಂಗಿನಲ್ಲೇ ಕಪ್ಪು ಪಟ್ಟಿ ಹಾಕಲಾಗಿದೆ.

ಕಾಗದದ ಭಾಷೆ

ಒಪ್ಪಿಗೆ ಪತ್ರಗಳ ಮೊದಲ ಪ್ರತಿ ಮಲಯಾಳದಲ್ಲಿ ಮಾತ್ರ ಇತ್ತು. ಜಾಗ ಕೊಡುವವರು, ಕರೆಂಟು ಕೊಡುವವರು, ಕ್ಯಾಮೆರಾದ ಎದುರಿಗೆ ಮನೆ ಇರುವವರು ಸಹಿ ಹಾಕಬೇಕಿತ್ತು. ಹಿರಿಯರಲ್ಲಿ ಹೆಚ್ಚಿನವರು ಕನ್ನಡ ಶಾಲೆಯಲ್ಲಿ ಓದಿದವರು. ಒಬ್ಬ ಅಜ್ಜಿ ಕಾಗದವನ್ನು ಹಿಂದಕ್ಕೆ ಕೊಟ್ಟು, "ಓದಲಿಕ್ಕೆ ಬಾರದ ಕಾಗದಕ್ಕೆ ರುಜು ಹಾಕಿ ನಮ್ಮ ಅಪ್ಪ ಒಂದು ತೋಟ ಕಳಕೊಂಡಿದ್ದಾರೆ ಮಗಾ" ಎಂದರು. ಅವರ ಮೇಲೆ ಒತ್ತಾಯ ಹಾಕುವುದು ನ್ಯಾಯವಲ್ಲ.

1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಪತ್ರಗಳನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಮಲಯಾಳ ಅನುವಾದ ಇಟ್ಟು, ಎರಡನ್ನೂ ಕೊಟ್ಟೆವು. ಒಂದು ತಿಂಗಳು ಎಳೆದ ಸಹಿಗಳು ಒಂದು ವಾರದಲ್ಲಿ ಮುಗಿದವು.

ನ್ಯಾಯಾಲಯದ ಕಾಗದ ಇನ್ನೊಂದು. ಕ್ಯಾಮೆರಾದ ದೃಶ್ಯ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಅಷ್ಟಕ್ಕೇ ಸಾಕ್ಷ್ಯವಾಗುವುದಿಲ್ಲ. ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಕಲಮಿನ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತ್ತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಆ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದನ್ನು ಯಂತ್ರದ ಹೊಣೆ ಹೊತ್ತವರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಸಂಖ್ಯೆಯನ್ನೂ (ಕಡತ ತಿದ್ದಿದರೆ ಬದಲಾಗುವ ಗುರುತು) ಬರೆಯಬೇಕು. ಯಂತ್ರದ ಹೊಣೆ ಹೊತ್ತವರು ಎಂಬ ಖಾನೆಗೆ ಬಂದಾಗ ಸಮಿತಿ ಮತ್ತೆ ನಿಂತಿತು. ನಾಳೆ ಕಾಸರಗೋಡಿನ ಕೋರ್ಟಿಗೆ ಸಾಕ್ಷಿ ಹೇಳಲು ಹೋಗುವವರು ಯಾರು? ಕೊನೆಗೆ ಮಾಸ್ಟ್ರು ತಮ್ಮ ಹೆಸರು ಬರೆಸಿದರು. ಕ್ಯಾಮೆರಾ ಯೋಜನೆ ನಿಜವಾಗಿ ಹುಟ್ಟಿದ್ದು ಆ ದಿನ ಎಂದು ನಾನು ತಿಳಿಯುತ್ತೇನೆ. ಅಲ್ಲಿಂದ ಮುಂದೆ ಯಾವ ಕಾಗದಕ್ಕೂ ಹೆಸರಿನ ಜಾಗ ಖಾಲಿ ಉಳಿಯಲಿಲ್ಲ. ಸಮಿತಿ ನೋಂದಣಿಯಾಯಿತು, ಕಂಬದ ಅನುಮತಿ ಬಂತು, ಮಳೆ ಬಿಡುವಾಗ ಸಾಮಾನು ಬಂತು.

ಮಿಂಚು

2024ರ ಅಕ್ಟೋಬರಿನಲ್ಲಿ ನಾಲ್ಕು ಕ್ಯಾಮೆರಾ ಹಾಕಿ ಪರೀಕ್ಷೆ ಮಾಡುತ್ತಿರುವಾಗ ಸಂಜೆಯ ಸಿಡಿಲು ಎರಡು ಕ್ಯಾಮೆರಾವನ್ನೂ ಒಂದು ಸ್ವಿಚ್ಚನ್ನೂ ಸುಟ್ಟಿತು. ಮುಂಗಾರಿಗೆ ಮೊದಲು ಮತ್ತು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲಿ ಇಲ್ಲಿ ಮಿಂಚು ಸಾಮಾನ್ಯ. ಅರ್ಥಿಂಗ್ ಕೊಟ್ಟಿದ್ದರು, ಆದರೆ ಕೊಟ್ಟದ್ದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಯಲ್ಲಿ. ಒಣಗಿದ ಮುರಕಲ್ಲು ವಿದ್ಯುತ್ತನ್ನು ಸುಲಭವಾಗಿ ನೆಲಕ್ಕೆ ಬಿಡುವುದಿಲ್ಲ. ಅಂಗಡಿಗಳ ಹಿಂದಿನ ತಗ್ಗಿನಲ್ಲಿ, ಒದ್ದೆ ಮಣ್ಣು ಇರುವ ಕಡೆ ಹೊಸ ಗುಂಡಿ ತೋಡಿ, ಪ್ರತಿ ಕೇಬಲಿನ ಎರಡು ತುದಿಗೂ ಸರ್ಜ್ (ಒಮ್ಮೆಲೇ ಏರಿ ಬರುವ ವಿದ್ಯುತ್) ತಡೆಯುವ ಸಾಧನ ಹಾಕಿಸಿ, ಕಂಬದಿಂದ ಕಂಬಕ್ಕೆ ತಾಮ್ರದ ಬದಲು ಫೈಬರ್ ಎಳೆಸಿದೆವು. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಒಂದು ಕಂಬಕ್ಕೆ ಬಿದ್ದ ಸಿಡಿಲು ಇನ್ನೊಂದಕ್ಕೆ ಹೋಗುವುದಿಲ್ಲ.

ಸುಟ್ಟ ಕ್ಯಾಮೆರಾಗಳಿಗೆ ಬದಲಿ ತರುವುದು ತಡವಾಯಿತು. ಇಂಟರ್‌ನೆಟ್ಟಿಗೆ ತೆರೆದುಕೊಳ್ಳುವ ಕ್ಯಾಮೆರಾಗಳ ಸುರಕ್ಷತೆಗೆಂದು ಕೇಂದ್ರ ಸರಕಾರ ತಂದ ಕಡ್ಡಾಯ ಪರೀಕ್ಷೆಯ ನಿಯಮ 2025ರ ಏಪ್ರಿಲಿನಿಂದ ಜಾರಿಯಾಯಿತು. ಕೊಟೇಶನ್ನಿನಲ್ಲಿದ್ದ ಮಾದರಿ ಅಂಗಡಿಯಲ್ಲಿ ಸಿಗದಾಯಿತು, ಬೇರೆ ಮಾದರಿಗೆ ಹೊಸ ದರ. ಹಣ ಕಾದಷ್ಟು ಕಾಲ ಬೆಲೆ ಕಾಯಲಿಲ್ಲ.

ಈಗ ಏನಿದೆ

ಒಂಬತ್ತು ಕ್ಯಾಮೆರಾ ನಡೆಯುತ್ತಿವೆ. ಮೂರು ನಂಬರ್ ಪ್ಲೇಟಿಗೆ, ನಾಲ್ಕು ಜನ ನಡೆದುಹೋಗುವ ಕಿರಿದಾದ ಜಾಗಗಳಿಗೆ, ಎರಡು ಒಟ್ಟು ನೋಟಕ್ಕೆ. ಹೊಸ ಮಾದರಿಯ ಸಂಕೋಚನದಲ್ಲಿ ಒಂದು ಕ್ಯಾಮೆರಾ ದಿನಕ್ಕೆ 22 ಜಿಬಿಯೊಳಗೆ ಮುಗಿಸುತ್ತದೆ; ಎಂಟು ಟಿಬಿ ಡಿಸ್ಕಿನಲ್ಲಿ ಮೂವತ್ತು ದಿನ ಸರಿಯಾಗಿ ಹಿಡಿಯುತ್ತದೆ. ಮಳೆಗಾಲದಲ್ಲಿ ಕ್ಯಾಮೆರಾದ ಗಾಜಿಗೆ ಪಾಚಿ ಹಿಡಿಯುತ್ತದೆ. ರಾತ್ರಿಯ ಬೆಳಕಿಗೆ ಹುಳ, ಹುಳಕ್ಕೆ ಜೇಡ. ಜೇಡರ ಬಲೆ ತೆಗೆಯುವುದು ಪ್ರತಿ ವಾರದ ಕೆಲಸ. ಆ ಕೆಲಸಕ್ಕೆ ಒಬ್ಬರಿಗೆ ತಿಂಗಳ ಸಂಬಳ ಗೊತ್ತುಮಾಡಿದ್ದೇವೆ.

ಕಳ್ಳತನ ಇದರಿಂದ ಕಡಿಮೆಯಾಯಿತೇ ಎಂದು ಕೇಳುವವರಿಗೆ ಒಂದು ಹಂಗಾಮಿನ ಲೆಕ್ಕದಲ್ಲಿ ಉತ್ತರ ಕೊಡಲಾಗುವುದಿಲ್ಲ. ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಕ್ಯಾಮೆರಾ ಇರುವಲ್ಲಿ ಅಪರಾಧ ಸರಾಸರಿ ನೂರಕ್ಕೆ 13ರಷ್ಟು ಇಳಿದದ್ದನ್ನು ಕಂಡಿದೆ. ವಾಹನ ನಿಲ್ಲಿಸುವ ಜಾಗಗಳಲ್ಲಿ ಪರಿಣಾಮ ಹೆಚ್ಚು. ಹೊಡೆದಾಟದಂಥ ಅಪರಾಧಗಳ ಮೇಲೆ ಹೇಳುವಂಥ ಪರಿಣಾಮ ಇಲ್ಲ. ಅಡಿಕೆಯ ಅಂಗಳ ಇರುವುದು ಪೇಟೆಯಿಂದ ಒಂದೆರಡು ಕಿಲೋಮೀಟರ್ ಒಳಗೆ, ಅಲ್ಲಿ ಕ್ಯಾಮೆರಾ ಇಲ್ಲ. ಕ್ಯಾಮೆರಾ ಮಾಡಬಲ್ಲದ್ದು ಹೊರಟ ಗಾಡಿಯ ನಂಬರನ್ನು ಹಿಡಿಯುವುದು.

ಇಷ್ಟು ಕಾಲದಲ್ಲಿ ಅತ್ಯಂತ ಬೇಗ ಆಗಬಹುದಾಗಿದ್ದ ಕೆಲಸ ಕೊನೆಗೆ ಆಯಿತು. ಪೇಟೆಯ ಯಾವ ಅಂಗಡಿಯಲ್ಲಿ ಯಾವ ಕ್ಯಾಮೆರಾ ಇದೆ, ಯಾವ ದಿಕ್ಕಿಗಿದೆ, ದೃಶ್ಯ ಎಷ್ಟು ದಿನ ಉಳಿಯುತ್ತದೆ, ಮಾಲಿಕರ ಫೋನ್ ನಂಬರ್ ಏನು ಎಂಬ ಒಂದು ಹಾಳೆ. ಎಲ್ಲ ರೆಕಾರ್ಡರುಗಳ ಗಡಿಯಾರ ಸರಿಮಾಡಿ, ಗಲ್ಲಾಪೆಟ್ಟಿಗೆ ನೋಡುತ್ತಿದ್ದ ಕೆಲವನ್ನು ಬಾಗಿಲಿಗೆ ತಿರುಗಿಸಿ, ಆ ಹಾಳೆಯನ್ನು ಠಾಣೆಗೆ ಕೊಟ್ಟೆವು. ಒಂದು ಬೆಳಗ್ಗೆ ಮುಗಿದ ಕೆಲಸ. ಇದಕ್ಕೆ ಯಾರ ಮಂಜೂರಾತಿಯೂ ಬೇಕಿರಲಿಲ್ಲ, ಹಣವೂ ಬೇಕಿರಲಿಲ್ಲ. 2023ರ ಜನವರಿಯಲ್ಲೇ ಇದನ್ನು ಮಾಡಿದ್ದರೆ ಮುಂದಿನ ಹಂಗಾಮಿನ ಕಳ್ಳರ ಜಾಡು ಹಿಡಿಯಲು ಏನಾದರೂ ಇರುತ್ತಿತ್ತು. ಬೇರೆ ಊರಿನವರು ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ.

ದೃಶ್ಯ ಕೇಳಿ ಬಂದ ಮೊದಲ ಪತ್ರ ಕಳ್ಳತನದ್ದಲ್ಲ. ರಾತ್ರಿ ಸ್ಕೂಟರಿಗೆ ಗುದ್ದಿ ನಿಲ್ಲಿಸದೆ ಹೋದ ಕಾರಿನದ್ದು. ನಂಬರ್ ಸಿಕ್ಕಿತು, ಪ್ರಮಾಣಪತ್ರಕ್ಕೆ ಮಾಸ್ಟ್ರು ಸಹಿ ಹಾಕಿದರು. ಆಮೇಲಿನವುಗಳಲ್ಲಿ ಹೆಚ್ಚಿನವು ರಸ್ತೆಬದಿಗೆ ಕೋಳಿ ತ್ಯಾಜ್ಯ ಸುರಿದು ಹೋಗುವ ಗಾಡಿಗಳ ಕುರಿತು.

ಹತ್ತನೆಯ ಕ್ಯಾಮೆರಾ ಬಾಕಿ ಇದೆ. ಅದು ಇರಬೇಕಾದ್ದು ಗಡಿಯ ಕಾಂಕ್ರೀಟು ರಸ್ತೆಯಲ್ಲಿ. ಕಂಬದ ಜಾಗ ಈ ಕಡೆ, ಕರೆಂಟು ಸಿಗುವ ಅಂಗಡಿ ಆ ಕಡೆ, ಕರ್ನಾಟಕದಲ್ಲಿ. ಆಚೆಯ ಪಂಚಾಯತಿಗೂ ಈಚೆಯದಕ್ಕೂ ಪತ್ರ ಬರೆದಾಗಿದೆ. 2025ರ ಡಿಸೆಂಬರಿನ ಚುನಾವಣೆಯ ನಂತರ ನಮ್ಮ ಪಂಚಾಯತಿಗೆ ಹೊಸ ಆಡಳಿತ ಸಮಿತಿ ಬಂದಿದೆ. ತಿಂಗಳ ಕರೆಂಟು ಖರ್ಚು ಮತ್ತು ಜೇಡರ ಬಲೆ ತೆಗೆಯುವವರ ಸಂಬಳವನ್ನು ಪಂಚಾಯತಿನ ಲೆಕ್ಕಕ್ಕೆ ಸೇರಿಸಬೇಕೆಂಬ ಅರ್ಜಿಯನ್ನು, ಹೊಣೆ ಹೊರುವವರ ಹೆಸರು ಮೇಲೆಯೇ ಬರೆದು, ಕನ್ನಡದಲ್ಲೂ ಮಲಯಾಳದಲ್ಲೂ ಕೊಟ್ಟಿದ್ದೇವೆ.